ಪಾರ್ಕಿನ್ಸನ್ ಕಾಯಿಲೆ: ನಡುಕಕ್ಕೆ ಮಾತ್ರೆಯಿದೆ, ಮನಸ್ಸನ್ನು ಕೇಳುವವರು ಯಾರು?

ಪಾರ್ಕಿನ್ಸನ್ ಇರುವವರ ಮನೆಗಳಲ್ಲಿ ಕೆಲವು ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಕೇಳಿಬರುತ್ತವೆ. “ಮೊಮ್ಮಗಳು ಬಂದು ತೊಡೆಯ ಮೇಲೆ ಕೂತರೂ ಮುಖದಲ್ಲಿ ಒಂದು ನಗು ಇಲ್ಲ.” “ಏನು ಕೇಳಿದರೂ ಗೊಣಗುತ್ತಾರೆ, ಒಂದಕ್ಷರ ತಿಳಿಯುವುದಿಲ್ಲ.” “ಬೆಳಿಗ್ಗೆ ಕೂತ ಕುರ್ಚಿಯಲ್ಲೇ ಸಂಜೆಯಾಗುತ್ತದೆ, ಎಬ್ಬಿಸಹೋದರೆ ಸಿಟ್ಟು.” “ಡಾಕ್ಟರ ಮುಂದೆ ಚೆನ್ನಾಗಿಯೇ ನಡೆಯುತ್ತಾರೆ, ಮನೆಗೆ ಬಂದರೆ ಕಾಲೇ ಏಳುವುದಿಲ್ಲ, ಎಲ್ಲ ನಾಟಕ.” ಹೀಗೆನ್ನುವವರು ಕೆಟ್ಟವರಲ್ಲ, ಬಹಳಷ್ಟು ಮಂದಿ ದಣಿದವರು. ಆದರೆ ಈ ನಾಲ್ಕು ದೂರುಗಳೂ ಮನುಷ್ಯನ ಸ್ವಭಾವದ ಮೇಲೆ ಹೊರಿಸುತ್ತಿರುವುದು ಕಾಯಿಲೆಯ ಲಕ್ಷಣಗಳನ್ನು. ಕೈನಡುಕವನ್ನು ಯಾರೂ ನಾಟಕ ಎನ್ನುವುದಿಲ್ಲ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಕಾಣದ ಲಕ್ಷಣಗಳಿಗೆ ಆ ಭಾಗ್ಯವಿಲ್ಲ.

ಮುಖದಿಂದಲೇ ಶುರು ಮಾಡೋಣ. ನಾವು ನಗುವುದು ಎರಡು ಬಗೆಯಲ್ಲಿ. ಫೋಟೋ ತೆಗೆಯುವವನು ಹೇಳಿದಾಗ ತಂದುಕೊಳ್ಳುವ ನಗು ಒಂದು, ನಮಗೇ ಗೊತ್ತಾಗದಂತೆ ಮೂಡುವ ನಗು ಇನ್ನೊಂದು. ಎರಡನೆಯದಕ್ಕೆ ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶ ಸಮೂಹಗಳ ನೆರವು ಬೇಕು. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಎಂಬ ಮೆದುಳಿನ ರಾಸಾಯನಿಕದ ಕೊರತೆಯಾದಾಗ ಕೆಡುವುದು ಅಲ್ಲಿನ ಕೆಲಸವೇ. ಆಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಹುಬ್ಬು ಏಳುವುದಿಲ್ಲ, ತುಟಿ ಅರಳುವುದಿಲ್ಲ. ಒಳಗೆ ಸಂತೋಷ ಇದ್ದೇ ಇರುತ್ತದೆ, ಹೊರಗೆ ಬರುವ ದಾರಿ ಮಾತ್ರ ಮುಚ್ಚಿರುತ್ತದೆ. ಹೀಗೆ ಮುಖ ಬಿಗಿದುಕೊಂಡವರನ್ನು ನೋಡಿದ ಅಪರಿಚಿತರು, ಅಷ್ಟೇ ಏಕೆ, ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿಯೂ, ಅವರನ್ನು ಬಿಗುಮಾನದವರೆಂದೋ ಖಿನ್ನರೆಂದೋ ತಪ್ಪಾಗಿ ಅಳೆಯುತ್ತಾರೆ ಎಂಬುದನ್ನು ಅಧ್ಯಯನಗಳು ತೋರಿಸಿವೆ. ದನಿಯ ಕತೆಯೂ ಇದೇ. ದನಿ ತಗ್ಗಿರುವುದು ಮಾತಾಡುವವರ ಅರಿವಿಗೇ ಬರುವುದಿಲ್ಲ. ತಾವು ಎಂದಿನಂತೆಯೇ ಮಾತಾಡುತ್ತಿದ್ದೇವೆ, ಎದುರಿನವರಿಗೇ ಕಿವಿ ಮಂದವಾಗಿದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಗಂಡ ಹೆಂಡತಿ ಇಬ್ಬರೂ ಸೇರಿ ಕಿವಿ ಡಾಕ್ಟರ ಬಳಿ ಹೋಗಿ ಬಂದ ಮೇಲೆ ಕಾಯಿಲೆ ಪತ್ತೆಯಾದ ಮನೆಗಳೂ ಇವೆ.

ಇಂಥ ಸಣ್ಣ ಸಂಕೇತಗಳ ಮೇಲೆಯೇ ಸಂಸಾರ ನಡೆಯುವುದು. ಕಾಫಿ ಚೆನ್ನಾಗಿತ್ತು ಎಂದು ಯಾರೂ ದಿನಾ ಬಾಯಿಬಿಟ್ಟು ಹೇಳುವುದಿಲ್ಲ, ಮುಖವೇ ಹೇಳುತ್ತದೆ. ಮುಖ ಸುಮ್ಮನಾದರೆ ಕಾಫಿ ಮಾಡಿಕೊಟ್ಟವರಿಗೆ ತಿಂಗಳುಗಟ್ಟಲೆ ಉತ್ತರವೇ ಸಿಗುವುದಿಲ್ಲ. ಕ್ರಮೇಣ ಅವರೂ ಮಾತು ಕಡಿಮೆ ಮಾಡುತ್ತಾರೆ, ನೆಂಟರೂ ರೋಗಿಯನ್ನು ಬಿಟ್ಟು ಪಕ್ಕದಲ್ಲಿರುವವರನ್ನೇ “ಹೇಗಿದ್ದಾರೆ?” ಎಂದು ಕೇಳತೊಡಗುತ್ತಾರೆ. ಪಾರ್ಕಿನ್ಸನ್‌ನಲ್ಲಿ ಒಂಟಿತನ ಶುರುವಾಗುವುದು ಹೀಗೆ, ಮನೆ ತುಂಬ ಜನರಿರುವಾಗಲೇ. ಇದಕ್ಕೆ ಮದ್ದು ದುಬಾರಿಯದ್ದೇನಲ್ಲ. ಕಾಯಿಲೆ ಇರುವವರು ಮುಖದಿಂದ ಹೇಳುತ್ತಿದ್ದುದನ್ನು ಮಾತಿನಲ್ಲಿ ಹೇಳುವುದನ್ನು ರೂಢಿ ಮಾಡಿಕೊಳ್ಳಬೇಕು. ಮನೆಯವರು ಮುಖ ನೋಡಿ ತೀರ್ಮಾನಿಸುವುದನ್ನು ಬಿಟ್ಟು ಕೇಳಿ ತಿಳಿದುಕೊಳ್ಳಬೇಕು. ದನಿಗೆ ಲೀ ಸಿಲ್ವರ್‌ಮನ್ ವಿಧಾನ ಎಂಬ ನಿರ್ದಿಷ್ಟ ತರಬೇತಿಯಿದೆ. ವಾರಕ್ಕೆ ನಾಲ್ಕು ದಿನದಂತೆ ನಾಲ್ಕು ವಾರ, ಒಟ್ಟು 16 ಪಾಠ. “ಜೋರಾಗಿ ಮಾತಾಡು” ಎಂಬ ಒಂದೇ ಗುರಿಯನ್ನಿಟ್ಟುಕೊಂಡು ಕಿವಿ ಮತ್ತು ಗಂಟಲಿನ ಲೆಕ್ಕವನ್ನು ಅದು ಮತ್ತೆ ಹೊಂದಿಸುತ್ತದೆ.

ಎರಡು ಶತಮಾನದ ಒಂದು ತಪ್ಪು

ಈ ಕಾಯಿಲೆಯನ್ನು 1817ರಲ್ಲಿ ಮೊದಲು ವಿವರವಾಗಿ ಬರೆದವನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್. ಆರು ಜನರನ್ನು ಗಮನಿಸಿ ಬರೆದ ಪುಟ್ಟ ಪ್ರಬಂಧ ಅದು. ಅವರಲ್ಲಿ ಕೆಲವರನ್ನು ಅವನು ರಸ್ತೆಯಲ್ಲಿ ಹೋಗುವಾಗ ನೋಡಿದ್ದು ಅಷ್ಟೇ. ನಡುಕ, ಬಾಗಿದ ಬೆನ್ನು, ಓಡುವಂತಾಗುವ ನಡಿಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಹಿಡಿದಿಟ್ಟ ಅವನು, ಇಂದ್ರಿಯಗಳಿಗೂ ಬುದ್ಧಿಗೂ ಹಾನಿಯಿಲ್ಲ ಎಂದು ಸೇರಿಸಿದ. ರಸ್ತೆಯ ಆಚೆ ಬದಿಯಿಂದ ನೋಡಿದವನಿಗೆ ಮನಸ್ಸು ಹೇಗೆ ಕಾಣಬೇಕು? ಆದರೆ ಆ ಒಂದು ಮಾತು ವೈದ್ಯಲೋಕದಲ್ಲಿ ಬಹುಕಾಲ ಉಳಿಯಿತು. ಪಾರ್ಕಿನ್ಸನ್ ಎಂದರೆ ಚಲನೆಯ ಕಾಯಿಲೆ, ಬೇಸರವೇನಾದರೂ ಇದ್ದರೆ ಅದು ಕಾಯಿಲೆ ಬಂದಿರುವುದರ ದುಃಖ ಎಂಬ ಗ್ರಹಿಕೆ ಗಟ್ಟಿಯಾಯಿತು.

ಈಗ ತಿಳಿದಿರುವುದು ಬೇರೆ. ಡೋಪಮೈನ್ ತಯಾರಿಸುವ ಕೋಶಗಳ ಜೊತೆಗೆ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಒದಗಿಸುವ ಕೋಶಗಳೂ ಈ ಕಾಯಿಲೆಯಲ್ಲಿ ಸವೆಯುತ್ತವೆ. ಮನಸ್ಸಿನ ಹುರುಪು, ನೆಮ್ಮದಿ, ನಿದ್ರೆ ಇವೆಲ್ಲ ಈ ಮೂರು ರಾಸಾಯನಿಕಗಳನ್ನು ನೆಚ್ಚಿಕೊಂಡಿವೆ. ಹಾಗಾಗಿ ಎಷ್ಟೋ ಜನರಲ್ಲಿ ಖಿನ್ನತೆ ಅಥವಾ ಆತಂಕವು ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಕಾಣಿಸಿಕೊಳ್ಳುತ್ತದೆ. ಕಾಯಿಲೆ ಬಂದಿದೆ ಎಂದು ಗೊತ್ತೇ ಇಲ್ಲದವರು ಅದರ ಬಗ್ಗೆ ದುಃಖಪಡುವುದಾದರೂ ಹೇಗೆ? ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ ಪಾರ್ಕಿನ್ಸನ್ ಇರುವ ಮೂವರಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆಯ ಲಕ್ಷಣಗಳಿರುತ್ತವೆ. ಆತಂಕದ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು ಎಂಬುದನ್ನು ಪಕ್ಕಕ್ಕಿಟ್ಟುಕೊಂಡು ಲೆಕ್ಕ ಹಾಕಿಕೊಳ್ಳಿ.

“ಇಂಥ ಕಾಯಿಲೆ ಬಂದರೆ ಯಾರಿಗೆ ತಾನೇ ಬೇಸರವಾಗುವುದಿಲ್ಲ?” ಎಂಬ ಅನುಕಂಪದ ಮಾತೇ ಇಲ್ಲಿ ದೊಡ್ಡ ಅಡ್ಡಿ. ಬೇಸರ ಸಹಜ ಎಂದ ಕೂಡಲೇ ಅದಕ್ಕೆ ಚಿಕಿತ್ಸೆ ಬೇಡವೆಂದಾಗುತ್ತದೆ. ಲಕ್ಷಣಗಳು ಒಂದರೊಳಗೊಂದು ಬೆರೆತಿರುವುದೂ ಪತ್ತೆಯನ್ನು ಕಷ್ಟಮಾಡುತ್ತದೆ. ನಿಧಾನಗತಿ, ನಿದ್ರೆಗೇಡು, ಹಸಿವಿಲ್ಲದಿರುವುದು, ಸುಸ್ತು ಇವು ಖಿನ್ನತೆಗೂ ಹೊಂದುತ್ತವೆ, ಪಾರ್ಕಿನ್ಸನ್‌ಗೂ ಹೊಂದುತ್ತವೆ. ಹಾಗಾಗಿ ಕೇಳಬೇಕಾದ್ದು ದೇಹದ ಬಗ್ಗೆಯಲ್ಲ. ಹಿಂದೆ ಇಷ್ಟವಿದ್ದುದು ಈಗಲೂ ಇಷ್ಟವಾಗುತ್ತಿದೆಯೇ? ಮನೆಯವರಿಗೆ ಹೊರೆಯಾಗಿದ್ದೇನೆ ಅನ್ನಿಸುತ್ತದೆಯೇ? ಬದುಕಿರುವುದೇ ಬೇಡ ಅನ್ನಿಸಿದ್ದುಂಟೇ? ಕೊನೆಯ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಅನೇಕರಿಗಿದೆ. ಹಾಗಾಗುವುದಿಲ್ಲ. ಕೇಳಿಸಿಕೊಂಡವರಿಗೆ ಹೆಚ್ಚಾಗಿ ಸಿಗುವುದು ಬಿಡುಗಡೆ.

ಸೋಮಾರಿತನವಲ್ಲ, ನಿರಾಸಕ್ತಿ

ಖಿನ್ನತೆಯ ಪಕ್ಕದಲ್ಲೇ ಇನ್ನೊಂದು ಸ್ಥಿತಿಯಿದೆ, ನಿರಾಸಕ್ತಿ. ಮನೆಗಳನ್ನು ಇದು ಒಡೆಯುವಷ್ಟು ಖಿನ್ನತೆಯೂ ಒಡೆಯುವುದಿಲ್ಲವೇನೋ. ಇಲ್ಲಿ ದುಃಖವಿರುವುದಿಲ್ಲ. ಕೇಳಿದರೆ “ಚೆನ್ನಾಗಿದ್ದೇನೆ” ಎನ್ನುತ್ತಾರೆ, ಅದು ನಿಜವೂ ಹೌದು. ಆದರೆ ತಾನಾಗಿ ಏನನ್ನೂ ಶುರು ಮಾಡಲು ಆಗುವುದಿಲ್ಲ. ಪತ್ರಿಕೆ ಪಕ್ಕದಲ್ಲೇ ಇದ್ದರೂ ಕೈಗೆತ್ತಿಕೊಳ್ಳುವುದಿಲ್ಲ, ಕೈಗೆ ಕೊಟ್ಟರೆ ಓದುತ್ತಾರೆ. ವಾಕಿಂಗ್‌ಗೆ ಹೊರಡುವುದಿಲ್ಲ, ಗೆಳೆಯ ಬಂದು ಕರೆದರೆ ಹೋಗುತ್ತಾರೆ. ‘ಇದನ್ನು ಮಾಡಬೇಕು’ ಎಂಬ ಯೋಚನೆಯಿಂದ ಮಾಡುವ ಕ್ರಿಯೆಗೆ ದಾಟಿಸುವ ತಳ್ಳುಬಲದಲ್ಲಿ ಡೋಪಮೈನ್‌ನ ಪಾಲು ದೊಡ್ಡದು. ಅದಿಲ್ಲದಾಗ ಇಚ್ಛೆಯಿದ್ದೂ ಕೆಲಸ ಹೊರಡುವುದಿಲ್ಲ. “ಸ್ವಲ್ಪ ಮನಸ್ಸು ಮಾಡಿ” ಎಂದು ಉಪದೇಶಿಸಿದರೆ ಅಪರಾಧಿ ಭಾವ ಹೆಚ್ಚುತ್ತದೆ, ಕೆಲಸ ಮಾತ್ರ ಆಗುವುದಿಲ್ಲ.

ಉಪಾಯವಿರುವುದು ಶುರುವಿನ ಹೊರೆಯನ್ನು ಹೊರಗಿನಿಂದ ಹೊರುವುದರಲ್ಲಿ. ಇಂತಿಷ್ಟು ಹೊತ್ತಿಗೆ ಇಂಥದ್ದು ಎಂಬ ವೇಳಾಪಟ್ಟಿ ಗೋಡೆಯ ಮೇಲಿರಲಿ, ಮೊಬೈಲ್‌ನಲ್ಲಿ ಅಲಾರಂ ಇರಲಿ. “ಏನು ಮಾಡುತ್ತೀರಿ?” ಎಂದು ಕೇಳುವ ಬದಲು “ಮೊದಲು ಹೂಗಿಡಕ್ಕೆ ನೀರೋ, ಪೇಪರೋ?” ಎಂದು ಎರಡರಲ್ಲಿ ಒಂದನ್ನು ಮುಂದಿಡಿ. ಜೊತೆಯಲ್ಲಿ ಎರಡು ಹೆಜ್ಜೆ ಹಾಕಿದರೆ ಉಳಿದದ್ದನ್ನು ಅವರೇ ನಡೆಯುತ್ತಾರೆ. ಖಿನ್ನತೆಗೆ ಕೊಡುವ ಮಾತ್ರೆಗಳು ಇದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಆದ್ದರಿಂದ ಎರಡನ್ನೂ ಬೇರ್ಪಡಿಸಿ ನೋಡುವುದು ಬರೀ ಪಾಂಡಿತ್ಯದ ಮಾತಲ್ಲ.

ಗಡಿಯಾರ ಹಿಡಿದು ಬರುವ ಭಯ

ಆತಂಕದ್ದು ಬೇರೆಯೇ ಬಗೆ. ಸಾಮಾನ್ಯ ಉದಾಹರಣೆಯೊಂದನ್ನು ನೋಡಿ. ಒಬ್ಬರಿಗೆ ದಿನದಲ್ಲಿ ನಾಲ್ಕು ಸಲ, ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4, ರಾತ್ರಿ 8 ಗಂಟೆಗೆ ಲೆವೊಡೋಪಾ ಮಾತ್ರೆ, ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಔಷಧಿ ಇದು. ಬೆಳಿಗ್ಗೆ 11:20ರ ಸುಮಾರಿಗೆ ಎದೆ ಡವಡವ, ಬೆವರು, ‘ಏನೋ ಆಗಿಬಿಡುತ್ತದೆ’ ಎಂಬ ದಿಗಿಲು. ಇಸಿಜಿ ಮಾಡಿಸಿದರೆ ಸರಿಯಾಗಿದೆ. ಮಾತ್ರೆ ನುಂಗಿ ಅರ್ಧ ಮುಕ್ಕಾಲು ಗಂಟೆಯಲ್ಲಿ ಎಲ್ಲ ತಣ್ಣಗಾಗುತ್ತದೆ. ಮಧ್ಯಾಹ್ನ ಮೂರೂವರೆಗೆ ಮತ್ತೆ ಅದೇ. ಮಾತ್ರೆಯ ಪವರ್ ಇಳಿಯಿತು ಎಂದು ರೋಗಿಗಳೇ ಹೇಳುವ ಹೊತ್ತು ಇದು. ಕೈಕಾಲು ಬಿಗಿಯುವುದಷ್ಟೇ ಅಲ್ಲ, ಮನಸ್ಸೂ ಮಾತ್ರೆಯ ಜೊತೆ ಏರಿಳಿಯುತ್ತದೆ. ಕೆಲವರಿಗೆ ಆ ಹೊತ್ತಿನಲ್ಲಿ ಅಳು ಬರುತ್ತದೆ, ಗಂಟೆ ಕಳೆದ ಮೇಲೆ ಏಕೆ ಅತ್ತೆ ಎಂದು ಅವರಿಗೇ ನಾಚಿಕೆ.

ಇದನ್ನು ಕಂಡುಹಿಡಿಯಲು ಸ್ಕ್ಯಾನ್ ಬೇಡ, ನೋಟ್‌ಬುಕ್ ಸಾಕು. ಒಂದು ವಾರ ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು, ಮನಸ್ಸು ಕೆಟ್ಟ ಹೊತ್ತು ಬರೆದಿಟ್ಟರೆ ಚಿತ್ರ ತಾನಾಗಿ ಮೂಡುತ್ತದೆ. ಆಗ ನರರೋಗ ತಜ್ಞರು ಮಾತ್ರೆಗಳ ಅಂತರವನ್ನೋ ಪ್ರಮಾಣವನ್ನೋ ಸರಿಪಡಿಸಿದರೆ, ನಿದ್ದೆ ಗುಳಿಗೆಯಿಂದ ಆಗದಿದ್ದುದು ಸಿಂಡೋಪಾದ (ಲೆವೊಡೋಪಾ ಇರುವ ಮಾತ್ರೆ) ಸಮಯ ಬದಲಾಯಿಸಿದ್ದರಿಂದ ಆಗುವುದುಂಟು. ಬೇಳೆ, ಮೊಟ್ಟೆ, ಮಾಂಸ, ಹಾಲಿನಲ್ಲಿರುವ ಪ್ರೋಟೀನ್ ಲೆವೊಡೋಪಾ ಒಳಸೇರುವುದಕ್ಕೆ ಪೈಪೋಟಿ ಕೊಡುವುದರಿಂದ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಲು ಹೇಳುತ್ತಾರೆ. ಆರಂಭದ ದೂರುಗಳಲ್ಲಿದ್ದ ‘ಡಾಕ್ಟರ ಮುಂದೆ ಚೆನ್ನಾಗಿ ನಡೆಯುವ’ ಪ್ರಕರಣಕ್ಕೂ ಬಹುಪಾಲು ಉತ್ತರ ಇಲ್ಲೇ ಇದೆ. ಮಾತ್ರೆ ನುಂಗಿ ಹೊರಟಿರುತ್ತಾರೆ, ಅದು ಕೆಲಸ ಮಾಡುತ್ತಿರುವಾಗಲೇ ವೈದ್ಯರು ನೋಡುತ್ತಾರೆ, ಜೊತೆಗೆ ಪರೀಕ್ಷೆಯ ಎಚ್ಚರವೂ ಇರುತ್ತದೆ.

ಹಾಗಾದರೆ ಮನಸ್ಸಿನ ಚಿಕಿತ್ಸೆ ಎಂದರೇನು? ಖಿನ್ನತೆ ನಿವಾರಕ ಮಾತ್ರೆಗಳು ಪಾರ್ಕಿನ್ಸನ್ ಇರುವವರಲ್ಲೂ ಕೆಲಸ ಮಾಡುತ್ತವೆ. ಆದರೆ ಪಾರ್ಕಿನ್ಸನ್‌ಗೆಂದು ಸೆಲೆಜಿಲಿನ್, ರಾಸಾಜಿಲಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅವನ್ನು ಸೇರಿಸುವಾಗ ವೈದ್ಯರು ಎರಡೂ ಚೀಟಿಗಳನ್ನು ಒಟ್ಟಿಗೆ ನೋಡಲೇಬೇಕು. ಮಾತುಕತೆಯ ಮೂಲಕ ಕೊಡುವ ಮನೋಚಿಕಿತ್ಸೆಗಳಲ್ಲಿ ಹೆಚ್ಚು ಆಧಾರವಿರುವುದು ಸಿಬಿಟಿಗೆ, ಅಂದರೆ ಯೋಚನೆ ಮತ್ತು ನಡವಳಿಕೆಯ ಜಾಡನ್ನು ಬದಲಿಸುವ ಚಿಕಿತ್ಸೆಗೆ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಖಿನ್ನತೆಯಿದ್ದ 80 ಪಾರ್ಕಿನ್ಸನ್ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಹತ್ತು ವಾರ ಸಿಬಿಟಿ ಕೊಡಲಾಯಿತು, ಅವರನ್ನು ನೋಡಿಕೊಳ್ಳುವವರಿಗೂ ಪ್ರತ್ಯೇಕ ಪಾಠಗಳಿದ್ದವು. ಆ ಗುಂಪಿನಲ್ಲಿ 56% ಜನ ಗಣನೀಯವಾಗಿ ಚೇತರಿಸಿಕೊಂಡರು, ಎಂದಿನ ಆರೈಕೆಯಲ್ಲಿದ್ದವರಲ್ಲಿ 8% ಮಾತ್ರ. ಒಳಗೆ ನಡೆಯುವುದು ತೀರಾ ಲೌಕಿಕ ಕೆಲಸ. ‘ಕೈ ನಡುಗಿದರೆ ಎಲ್ಲರೂ ನನ್ನನ್ನೇ ನೋಡುತ್ತಾರೆ, ಆದ್ದರಿಂದ ಹೋಗುವುದೇ ಬೇಡ’ ಎಂಬ ಯೋಚನೆಯನ್ನು ಎತ್ತಿ ಮೇಜಿನ ಮೇಲಿಡುತ್ತಾರೆ. ಒಂದು ಸಣ್ಣ ಭೇಟಿಗೆ ಹೋಗಿ ನಿಜವಾಗಿ ಎಷ್ಟು ಜನ ನೋಡಿದರು ಎಂದು ಬರೆದುಕೊಂಡು ಬರಲು ಹೇಳುತ್ತಾರೆ. ದಿನಕ್ಕೊಂದು ಇಷ್ಟದ ಕೆಲಸವನ್ನು ವೇಳೆ ಗೊತ್ತುಮಾಡಿ ಮಾಡಿಸುತ್ತಾರೆ.

ನಿರೀಕ್ಷೆಯ ಶಕ್ತಿಯನ್ನು ಕುರಿತು ಒಂದು ಮಾತು ಹೇಳಲೇಬೇಕು. ಕೆನಡಾದ ವ್ಯಾಂಕೂವರ್‌ನಲ್ಲಿ ಪಾರ್ಕಿನ್ಸನ್ ರೋಗಿಗಳಿಗೆ ಔಷಧಿಯಿಲ್ಲದ ಬರೀ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟು ಮೆದುಳಿನ ಸ್ಕ್ಯಾನ್ ಮಾಡಿದಾಗ, ಔಷಧಿ ಬಂದೀತೆಂಬ ನಿರೀಕ್ಷೆಯಿಂದಲೇ ಡೋಪಮೈನ್ ಬಿಡುಗಡೆಯಾದದ್ದು ಕಂಡುಬಂತು. 2001ರ ಅಧ್ಯಯನ ಅದು. ಇದರಿಂದ ನಂಬಿಕೆಯೊಂದಿದ್ದರೆ ಸಾಕು ಎಂದು ಹೊರಡುವುದು ಮೂರ್ಖತನ, ಆ ಪರಿಣಾಮ ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಆದರೆ “ಇದಕ್ಕೆ ಏನೂ ಮಾಡಲಾಗುವುದಿಲ್ಲ, ಹೋಗ್ತಾ ಹೋಗ್ತಾ ಜಾಸ್ತಿಯಾಗುತ್ತದೆ” ಎಂದು ಎರಡು ನಿಮಿಷದಲ್ಲಿ ಹೇಳಿ ಕಳಿಸುವ ವೈದ್ಯರು ತಮ್ಮ ಮಾತನ್ನೂ ಒಂದು ಔಷಧಿಯೆಂದು ಅಳೆಯಬೇಕು.

ನಾಚಿಕೆಯಿಂದ ಮುಚ್ಚಿಡುವ ಸಂಗತಿಗಳು

ಕಾಯಿಲೆಯಿಂದ ಬರುವುದು ಕೆಲವಾದರೆ, ಔಷಧಿಯಿಂದ ಬರುವುದು ಕೆಲವು. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆಗಳು ಡೋಪಮೈನ್‌ನಂತೆ ನಟಿಸಿ ಚಲನೆಗೆ ನೆರವಾಗುತ್ತವೆ. ಅವು ಮೆದುಳಿನ ಆಸೆ ಮತ್ತು ಬಹುಮಾನದ ಜಾಲವನ್ನೂ ಕೆಣಕುತ್ತವೆ. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 13.6% ಜನರಲ್ಲಿ ಹಿಡಿತಕ್ಕೆ ಸಿಗದ ಜೂಜು, ಖರೀದಿ, ಲೈಂಗಿಕ ಬಯಕೆ ಅಥವಾ ತಿನ್ನುವ ಚಟ ಕಂಡುಬಂತು. ಈ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ 17.1%, ಉಳಿದವರಲ್ಲಿ 6.9%. ಬದುಕಿಡೀ ಒಂದು ಲಾಟರಿ ಚೀಟಿಯನ್ನೂ ಕೊಳ್ಳದ ನಿವೃತ್ತ ಮೇಷ್ಟ್ರು ಅರವತ್ತೆಂಟನೆಯ ವಯಸ್ಸಿನಲ್ಲಿ ಮೊಬೈಲ್ ರಮ್ಮಿಯಲ್ಲಿ ಪಿಂಚಣಿ ಕಳೆಯತೊಡಗಿದರೆ ಮನೆಯವರು ಎಣಿಸುವುದು ‘ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತು’ ಎಂದು. ಮಾತ್ರೆಯ ಮೇಲೆ ಯಾರಿಗೂ ಅನುಮಾನ ಹೋಗುವುದಿಲ್ಲ. ಸ್ವತಃ ಅವರು ನಾಚಿಕೆಯಿಂದ ಬಾಯಿಬಿಡುವುದಿಲ್ಲ, ವೈದ್ಯರು ಕೇಳುವುದಿಲ್ಲ. ಮಾತ್ರೆಯ ಪ್ರಮಾಣ ತಗ್ಗಿಸಿದರೆ ಬಹುಮಟ್ಟಿಗೆ ಹೋಗುವಂಥದ್ದು ಇದು. ಹಾಗೆಂದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದರೆ ತೀವ್ರ ಆತಂಕ, ಖಿನ್ನತೆ ಕಾಡಬಹುದು. ತಜ್ಞರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು.

ಭ್ರಮೆಗಳದ್ದೂ ಇದೇ ಗೋಳು. ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸುವುದು, ಬೆಕ್ಕು ಹಾದುಹೋದಂತೆ ಕಾಣುವುದು ಮೊದಲ ಹಂತ. ಮುಂದೆ ಕೋಣೆಯ ಮೂಲೆಯಲ್ಲಿ ಮಕ್ಕಳೋ ಅಪರಿಚಿತರೋ ಸ್ಪಷ್ಟವಾಗಿ ಕೂತಿರುವುದು ಕಾಣಬಹುದು. ಮನೆಯವರು ಇದನ್ನು ಗಾಳಿ ಸೋಕಿದೆ ಎಂದುಕೊಂಡು ಯಂತ್ರ ಕಟ್ಟಿಸುವುದುಂಟು. ಇನ್ನೂ ನೋವಿನ ಸಂಗತಿಯೆಂದರೆ ಸಂಶಯ: ನಲವತ್ತು ವರ್ಷ ಜೊತೆಗಿದ್ದ ಹೆಂಡತಿಯ ಶೀಲದ ಮೇಲೆಯೇ ಅನುಮಾನ. ಆಕೆ ಇದನ್ನು ಮಕ್ಕಳ ಮುಂದೂ ಹೇಳಲಾರಳು. ಇದು ಕಾಯಿಲೆಯ ಮತ್ತು ಔಷಧಿಯ ಕೂಡುಫಲ, ಗಂಡನ ಮನಸ್ಸಿನಲ್ಲಿ ಇಷ್ಟು ವರ್ಷ ಅಡಗಿದ್ದ ಅಭಿಪ್ರಾಯವಲ್ಲ ಎಂಬುದನ್ನು ಯಾರಾದರೂ ಆಕೆಗೆ ಕೂರಿಸಿಕೊಂಡು ಹೇಳಬೇಕು. ಭ್ರಮೆ ಇದ್ದಕ್ಕಿದ್ದಂತೆ ಜೋರಾದರೆ ಮೂತ್ರದ ಸೋಂಕು, ನಿರ್ಜಲತೆ, ಮಲಬದ್ಧತೆ, ಹೊಸದಾಗಿ ಸೇರಿಸಿದ ಮಾತ್ರೆ ಇವನ್ನು ಮೊದಲು ನೋಡುತ್ತಾರೆ. ನಡುಕಕ್ಕೆ ಕೊಡುವ ಪ್ಯಾಸಿಟೇನ್ ವಯಸ್ಸಾದವರಲ್ಲಿ ಗೊಂದಲ ತರುವುದು ಹೊಸದೇನಲ್ಲ. ಆಯುರ್ವೇದದಲ್ಲಿ ಪುಡಿ ಮಾಡಿ ಕೊಡುವ ನಸುಗುನ್ನಿ ಬೀಜದಲ್ಲಿ ನಿಜಕ್ಕೂ ಲೆವೊಡೋಪಾ ಇದೆ, ಮದರಾಸಿನಲ್ಲಿ 1937ರಲ್ಲೇ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಆದ್ದರಿಂದಲೇ ಆ ಪುಡಿಯನ್ನು ವೈದ್ಯರಿಗೆ ಹೇಳದೆ ಮಾತ್ರೆಯ ಜೊತೆ ಸೇರಿಸುವುದು ಅಪಾಯ. ಲೆವೊಡೋಪಾ ಎರಡು ಕಡೆಯಿಂದ ಒಳಗೆ ಹೋಗುತ್ತಿರುತ್ತದೆ.

ಒಂದು ಎಚ್ಚರಿಕೆಯನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಬೇಕು. ಭ್ರಮೆಗೆ ಸಾಮಾನ್ಯವಾಗಿ ಕೊಡುವ ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪಿನ್ ಪಾರ್ಕಿನ್ಸನ್ ಇರುವವರನ್ನು ಹಾಸಿಗೆ ಹಿಡಿಸಬಲ್ಲವು. ವಾಂತಿಗೆ ಕೊಡುವ ಮೆಟಕ್ಲೋಪ್ರಮೈಡ್ ಕೂಡ. ಔಷಧಿ ಬೇಕೇಬೇಕಾದಾಗ ಕ್ವಿಟಿಯಾಪಿನ್, ಕ್ಲೋಜಪಿನ್ ಕಡೆಗೆ ತಜ್ಞರು ನೋಡುತ್ತಾರೆ, ಕ್ಲೋಜಪಿನ್‌ಗೆ ನಿಯಮಿತ ರಕ್ತಪರೀಕ್ಷೆ ಕಡ್ಡಾಯ. ನಡುರಾತ್ರಿ ತುರ್ತು ಚಿಕಿತ್ಸೆಗೆ ಸೇರಿಸುವಾಗ ಆ ಚೀಟಿ ಕೆಲಸಕ್ಕೆ ಬರುತ್ತದೆ.

ಪಂಕ್ತಿಯಲ್ಲಿ ಕೂರುವುದು, ಬ್ಯಾಂಕಿನಲ್ಲಿ ಸಹಿ ಹಾಕುವುದು

ಮದುವೆಯೂಟದ ಪಂಕ್ತಿ ಪಾರ್ಕಿನ್ಸನ್ ಇರುವವರಿಗೆ ಒಂದು ಪರೀಕ್ಷೆ. ಬಾಳೆಲೆಯಲ್ಲಿ ತಿಳಿಸಾರು ಹರಿಯುತ್ತಿರುತ್ತದೆ, ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಮಡಿಲಿಗೆ ಬಿದ್ದಿರುತ್ತದೆ, ಪಕ್ಕದವರ ಎಲೆ ಮುಗಿದು ಮಜ್ಜಿಗೆಯೂ ಬಂದಿರುತ್ತದೆ. ಯಾರೋ ನೋಡುತ್ತಿದ್ದಾರೆಂಬ ಅರಿವಾದ ಕ್ಷಣ ನಡುಕ ಹೆಚ್ಚುತ್ತದೆ. ಮಾನಸಿಕ ಒತ್ತಡ ನಡುಕವನ್ನು ಏರಿಸುತ್ತದೆ ಎಂಬುದನ್ನು ವೈದ್ಯರು ನೂರರಿಂದ ಹಿಂದಕ್ಕೆ ಏಳೇಳು ಕಳೆಯುತ್ತಾ ಬನ್ನಿ ಎಂದು ಹೇಳಿ ಪರೀಕ್ಷೆ ಮಾಡಿಯೇ ನೋಡುತ್ತಾರೆ. ಮುಂದಿನ ಮದುವೆಗೆ ‘ಆರೋಗ್ಯ ಸರಿಯಿಲ್ಲ’ ಎಂಬ ಉತ್ತರ ಹೋಗುತ್ತದೆ. ತಟ್ಟಾಡುತ್ತಾ ನಡೆದು ತೊದಲಿದರೆ ಕುಡಿದಿದ್ದಾರೆಂದು ಬಸ್ಸಿನಲ್ಲಿ ಬೈಸಿಕೊಳ್ಳುವುದು ಬೇರೆ. ಬಚ್ಚಿಡುವ ಆಸೆ ಎಲ್ಲ ಊರಿನಲ್ಲೂ ಒಂದೇ. ನಟ ಮೈಕೆಲ್ ಜೆ. ಫಾಕ್ಸ್‌ಗೆ 29ನೆಯ ವಯಸ್ಸಿನಲ್ಲಿ, 1991ರಲ್ಲಿ ಕಾಯಿಲೆ ಪತ್ತೆಯಾಯಿತು. ಅವರು ಜಗತ್ತಿಗೆ ಹೇಳಿದ್ದು 1998ರಲ್ಲಿ. ಹೇಳಿಕೊಂಡರೆ ನಡುಕ ಕಡಿಮೆಯಾಗುವುದಿಲ್ಲ, ಬಚ್ಚಿಡುವ ಒತ್ತಡವಾದರೂ ಇಳಿಯುತ್ತದೆ. ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬುದು ಆಯಾ ವ್ಯಕ್ತಿಯ ಹಕ್ಕು. ಹೆಣ್ಣು ನೋಡಲು ಬರುವವರ ಮುಂದೆ ಅಪ್ಪನನ್ನು ಒಳಕೋಣೆಯಲ್ಲಿ ಕೂರಿಸುವ ತೀರ್ಮಾನವನ್ನು ಮನೆಯವರು ತೆಗೆದುಕೊಳ್ಳುವಂತಿಲ್ಲ.

ಸಾಮಾಜಿಕ ಆರೈಕೆ ಎಂಬುದಕ್ಕೆ ಕಾಗದಪತ್ರದ ಮುಖವೂ ಇದೆ. ಈ ಕಾಯಿಲೆಯಲ್ಲಿ ಕೈಬರಹ ಚಿಕ್ಕದಾಗುತ್ತಾ ಹೋಗುತ್ತದೆ. ಹೆಸರಿನ ಮೊದಲಕ್ಷರ ಅಕ್ಕಿಕಾಳಷ್ಟಿದ್ದರೆ ಕೊನೆಯದು ಸಾಸಿವೆ. ಬ್ಯಾಂಕಿನವರು ಸಹಿ ಹೊಂದುತ್ತಿಲ್ಲ ಎಂದು ಚೆಕ್ ವಾಪಸ್ ಕಳಿಸುತ್ತಾರೆ, ತನ್ನ ದುಡ್ಡಿಗೆ ತಾನೇ ಕಳ್ಳನಾದಂತೆ ಅನ್ನಿಸುತ್ತದೆ. ಸಹಿ ಹಾಕಲಾಗದ ವೃದ್ಧರು, ಅಶಕ್ತರು ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟೊತ್ತಿ ಹಣ ತೆಗೆಯಬಹುದು, ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಎಪ್ಪತ್ತು ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆಬಾಗಿಲಿನ ಸೇವೆ ಒದಗಿಸುವಂತೆ 2017ರಲ್ಲಿ ಅದು ಬ್ಯಾಂಕುಗಳಿಗೆ ಸೂಚಿಸಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್‌ಗೆ ಹೆಸರು ಹಿಡಿದು ಜಾಗ ಕೊಡಲಾಗಿದೆ. ವೈದ್ಯಕೀಯ ಮಂಡಳಿ 40% ಅಥವಾ ಹೆಚ್ಚಿನ ಅಂಗವೈಕಲ್ಯ ಪ್ರಮಾಣೀಕರಿಸಿದರೆ ಅದಕ್ಕೆ ತಕ್ಕ ಸೌಲಭ್ಯಗಳು ಸಿಗುತ್ತವೆ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು. ಸರ್ಕಾರಿ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಬದಲಿಸಬೇಕು ಎನ್ನುತ್ತದೆ ಅದೇ ಕಾಯ್ದೆಯ 20ನೆಯ ಸೆಕ್ಷನ್. ಐವತ್ತರೊಳಗೆ ಕಾಯಿಲೆ ಬಂದ ನೌಕರರು ಹೆದರಿ ಸ್ವಯಂ ನಿವೃತ್ತಿಯ ಅರ್ಜಿ ಬರೆಯುವ ಮೊದಲು ಈ ಸೆಕ್ಷನ್ ಓದಿಕೊಳ್ಳಬೇಕು.

ಸೇವೆಯ ಅತಿ, ಸೇವೆ ಮಾಡುವವರ ಗತಿ

ನಮ್ಮ ಮನೆಗಳ ಪ್ರೀತಿಯಲ್ಲಿ ಒಂದು ದೋಷವಿದೆ. ಅಂಗಿಯ ಗುಂಡಿ ಹಾಕಲು ಐದು ನಿಮಿಷ ಹಿಡಿಯುತ್ತದೆ ಎಂದು ನಾವೇ ಹಾಕಿಬಿಡುತ್ತೇವೆ, ಚೆಲ್ಲುತ್ತಾರೆ ಎಂದು ನಾವೇ ತಿನ್ನಿಸುತ್ತೇವೆ, ತಡವಾಗುತ್ತದೆಂದು ಅವರ ಪರವಾಗಿ ನಾವೇ ಉತ್ತರಿಸುತ್ತೇವೆ. ಹೀಗೆ ಆರು ತಿಂಗಳು ಸೇವೆ ಮಾಡಿದರೆ ಕಾಯಿಲೆ ಇನ್ನೂ ಕಸಿಯದ ಕೆಲಸಗಳನ್ನು ನಾವು ಕಸಿದಿರುತ್ತೇವೆ. ಅಕ್ಕಿ ಆರಿಸುವುದು, ಹಾಲಿನ ಲೆಕ್ಕ ಬರೆಯುವುದು, ಪೂಜೆಗೆ ಹೂ ಬಿಡಿಸುವುದು ಇಂಥದ್ದೊಂದು ಅವರದೇ ಜವಾಬ್ದಾರಿಯಾಗಿ ಉಳಿಯಬೇಕು. ತಡವಾಗಲಿ, ಅಚ್ಚುಕಟ್ಟು ತಪ್ಪಲಿ. ಗುಂಡಿಯ ಬದಲು ವೆಲ್ಕ್ರೋ, ಅಂಚು ಎತ್ತರವಿರುವ ತಟ್ಟೆ, ಹಿಡಿ ದಪ್ಪವಿರುವ ಚಮಚ ಇವು ಕಡಿಮೆ ಖರ್ಚಿನಲ್ಲಿ ಬಹಳ ಮಾನ ಉಳಿಸುತ್ತವೆ.

ಇನ್ನು ನೋಡಿಕೊಳ್ಳುವವರು. ಹೆಚ್ಚಿನ ಮನೆಗಳಲ್ಲಿ ಅದು ಹೆಂಡತಿ, ಇಲ್ಲವೇ ಸೊಸೆ. ಪಾರ್ಕಿನ್ಸನ್‌ನಲ್ಲಿ ಕನಸನ್ನು ಅಭಿನಯಿಸುವ ನಿದ್ರಾದೋಷ ಸಾಮಾನ್ಯ. ಕನಸಿನಲ್ಲಿ ಕಳ್ಳನನ್ನು ಒದ್ದರೆ ಏಟು ಬೀಳುವುದು ಪಕ್ಕದಲ್ಲಿ ಮಲಗಿದವರಿಗೆ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಎಬ್ಬಿಸಬೇಕು, ಮಗ್ಗುಲು ಬದಲಿಸಬೇಕು. ಹೀಗೆ ವರ್ಷಗಟ್ಟಲೆ ನಿದ್ದೆಗೆಟ್ಟವರಿಗೆ ‘ನಿಮ್ಮ ಪುಣ್ಯ ದೊಡ್ಡದು’ ಎಂಬ ಹೊಗಳಿಕೆ ಸಿಗುತ್ತದೆ, ಒಂದು ರಾತ್ರಿಯ ಬಿಡುವು ಸಿಗುವುದಿಲ್ಲ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ವಿಡಿಯೊ ಕರೆಯಲ್ಲಿ ಸಲಹೆ ಕೊಡುವ ಬದಲು ವಾರಕ್ಕೆರಡು ರಾತ್ರಿ ಸಂಬಳದ ಸಹಾಯಕರನ್ನು ಗೊತ್ತುಮಾಡಿದರೆ ಅದು ಔಷಧಿಗೆ ಸಮ. ನೋಡಿಕೊಳ್ಳುವವರ ಖಿನ್ನತೆಗೂ ಚಿಕಿತ್ಸೆ ಬೇಕು. ಹತ್ತಿರದಲ್ಲಿ ಮನೋವೈದ್ಯರಿಲ್ಲದ ಊರಿನವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಈ ರಾಷ್ಟ್ರೀಯ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ.

ಯುರೋಪಿನ ಹಲವು ದೇಶಗಳ ತಜ್ಞರು ಸೇರಿ ರೂಪಿಸಿದ ಎಜುಪಾರ್ಕ್ ಎಂಬ ಪಾಠಕ್ರಮ ಈ ಎಲ್ಲವನ್ನೂ ಒಂದು ಹದಕ್ಕೆ ತಂದಿದೆ. ಎಂಟು ವಾರ, ವಾರಕ್ಕೆ ಒಂದೂವರೆ ಗಂಟೆ. ರೋಗಿಗಳ ಗುಂಪು ಬೇರೆ, ನೋಡಿಕೊಳ್ಳುವವರ ಗುಂಪು ಬೇರೆ. ತನ್ನನ್ನು ತಾನು ಗಮನಿಸಿಕೊಳ್ಳುವುದು, ಖುಷಿ ಕೊಡುವ ಚಟುವಟಿಕೆ, ಒತ್ತಡ ನಿಭಾಯಿಸುವುದು, ಜನರ ನಡುವೆ ನಡೆದುಕೊಳ್ಳುವುದು, ಸಹಾಯ ಕೇಳುವುದು ಅಲ್ಲಿನ ವಿಷಯಗಳು. ಗುಂಪನ್ನು ಎರಡಾಗಿ ಒಡೆದದ್ದರಲ್ಲೇ ಜಾಣ್ಮೆಯಿದೆ. ಗಂಡನ ಎದುರಿಗೆ ಹೆಂಡತಿ “ನನಗೆ ಸಾಕಾಗಿದೆ” ಎನ್ನಲಾರಳು, ಹೆಂಡತಿಯ ಎದುರಿಗೆ ಗಂಡ “ನನಗೆ ಹೆದರಿಕೆ” ಎನ್ನಲಾರ. ನಮ್ಮಲ್ಲಿ ಮುಂಬೈಯ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ಇಂಥ ಬೆಂಬಲ ಗುಂಪುಗಳನ್ನು ನಡೆಸುತ್ತಾ ಬಂದಿದೆ. ಪುಣೆಯಲ್ಲಿ ನೃತ್ಯಗಾರ ಹೃಷಿಕೇಶ್ ಪವಾರ್ ಪಾರ್ಕಿನ್ಸನ್ ಇರುವವರಿಗೆ ನೃತ್ಯ ಕಲಿಸುತ್ತಾರೆ. ತಾಳಕ್ಕೆ ಹೆಜ್ಜೆ ಹಾಕುವಾಗ ಹೊರಗಿನ ಲಯವೇ ಕಾಲನ್ನು ಎತ್ತಿಸುತ್ತದೆ ಎಂಬ ನರವಿಜ್ಞಾನದ ಕಾರಣ ಅದಕ್ಕಿದೆ. ಅದಕ್ಕಿಂತ ಹೆಚ್ಚಾಗಿ, ಎಲ್ಲರ ಕೈಯೂ ನಡುಗುವ ಕೋಣೆಯಲ್ಲಿ ಯಾರ ಕೈಯನ್ನೂ ಯಾರೂ ನೋಡುವುದಿಲ್ಲ.

ಮನೆಗಳಲ್ಲಿ ಕೊನೆಗೂ ಮುಂದಕ್ಕೆ ತಳ್ಳುವ ಮಾತೊಂದಿದೆ: ಮುಂದೇನು? ದೀರ್ಘಕಾಲ ಕಾಯಿಲೆಯೊಂದಿಗೆ ಬದುಕಿದವರಲ್ಲಿ ಮರೆವು ಮತ್ತು ಬುದ್ಧಿಶಕ್ತಿ ಕುಂದುವ ಡಿಮೆನ್ಷಿಯಾ ಸಾಮಾನ್ಯ. ಆಮೇಲೆ ಕೇಳಿದರೆ ಪ್ರಯೋಜನವಿಲ್ಲ. ಮಾಮೂಲಿ ಮುಖ್ತ್ಯಾರ್ ಪತ್ರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಜಂಟಿ ಖಾತೆ, ನಾಮಿನಿ, ಉಯಿಲು ಇವೆಲ್ಲ ಮೊದಲ ವರ್ಷಗಳ ಕೆಲಸ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವುದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ನೀಡಿ 2023ರಲ್ಲಿ ವಿಧಾನವನ್ನು ಸರಳಗೊಳಿಸಿತು, ಇಬ್ಬರು ಸಾಕ್ಷಿಗಳೊಂದಿಗೆ ನೋಟರಿಯ ಎದುರು ಸಹಿಯಾದರೆ ಸಾಕು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಇದನ್ನೆಲ್ಲ ಮಾತಾಡಲು ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತನ್ನೇ ಆರಿಸಿಕೊಳ್ಳಬೇಕು. ಟಿವಿ ಆರಿಸಿ, ಎದುರು ಕೂತು, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರ ಬರಲು ಅರ್ಧ ನಿಮಿಷ ಹಿಡಿದರೆ ಅರ್ಧ ನಿಮಿಷವೂ ಕಾಯಬೇಕು.